ಅರೇಬಿಕ್ ಬಾರದ ಮೇಷ್ಟ್ರು, ಫ್ರೆಂಚ್ ಬಾರದ ಹುಡುಗರು

ಒಂದು ಕ್ಲಾಸ್‌ರೂಮ್ ಕಲ್ಪಿಸಿಕೊಳ್ಳಿ. ಈಜಿಪ್ಟಿನ ಕೈರೋ ಹೊರಗೆ ಅಬು ಝಾಬಲ್ ಅನ್ನೋ ಊರು, ಪಕ್ಕದಲ್ಲೇ ಸೈನ್ಯದ ಶಿಬಿರ. ವರ್ಷ 1827. ಸುಮಾರು ನೂರು ಜನ ಹುಡುಗರು ಕೂತಿದ್ದಾರೆ. ಅವರು ಓದಿರೋದೆಲ್ಲ ಅರೇಬಿಕ್‌ನಲ್ಲಿ. ಮೇಷ್ಟ್ರು ಫ್ರಾನ್ಸಿನವರು, ಪಾಠ ಮಾಡೋಕೆ ಬರೋದು ಫ್ರೆಂಚ್‌ನಲ್ಲಿ ಮಾತ್ರ. ಕಲಿಸಬೇಕಾಗಿರೋದು ಅನಾಟಮಿ, ಸರ್ಜರಿ, ಔಷಧಶಾಸ್ತ್ರ. ಆ ಹುಡುಗರು ಕೆಲವೇ ವರ್ಷಗಳಲ್ಲಿ ಡಾಕ್ಟರ್ ಆಗಬೇಕು. ಹೇಗೆ?

ಈ ಪ್ರಶ್ನೆ ಎದುರಿಸಿದವರ ಹೆಸರು ಆಂತ್ವಾನ್ ಬಾರ್ತೆಲೆಮಿ ಕ್ಲೋ. ಇತಿಹಾಸದಲ್ಲಿ ಅವರು ಕ್ಲೋ ಬೇ ಅಂತಲೇ ಪ್ರಸಿದ್ಧರು. ಕೈರೋದಲ್ಲಿ ಅವರ ಹೆಸರಿನ ರಸ್ತೆ ಇದೆ.

ಕ್ಲೋ ಹುಟ್ಟಿದ್ದು 1793ರಲ್ಲಿ, ಫ್ರಾನ್ಸಿನ ಗ್ರೆನೋಬಲ್‌ನಲ್ಲಿ. ಬಡ ಕುಟುಂಬ, ತಂದೆ ಸೈನ್ಯದಲ್ಲಿದ್ದವರು. ಕಷ್ಟಪಟ್ಟು ಓದಿ ಮೋಂಪೆಲಿಯೆಯಲ್ಲಿ ವೈದ್ಯಕೀಯ ಪದವಿ ಪಡೆದರು. ಮಾರ್ಸೇಯಲ್ಲಿ ಡಾಕ್ಟರ್ ಆಗಿ ಕೆಲಸ ಮಾಡ್ತಿದ್ದಾಗ ಈಜಿಪ್ಟಿನಿಂದ ಕರೆ ಬಂತು. 1825ರಲ್ಲಿ ಹಡಗು ಹತ್ತಿದರು.

ಕರೆದವರು ಆಗ ಈಜಿಪ್ಟ್ ಆಳುತ್ತಿದ್ದ ಮುಹಮ್ಮದ್ ಅಲಿ ಪಾಶಾ. ಪಾಶಾಗೆ ಬೇಕಾಗಿದ್ದದ್ದು ಜನರ ಆರೋಗ್ಯಕ್ಕಿಂತ ಹೆಚ್ಚಾಗಿ ಒಂದು ದೊಡ್ಡ ಸೈನ್ಯ. ಹಳ್ಳಿಗಳಿಂದ ರೈತರನ್ನು ಬಲವಂತವಾಗಿ ಹಿಡಿದು ತಂದು ಸೈನಿಕರನ್ನಾಗಿ ಮಾಡ್ತಿದ್ದರು. ಹಾಗೆ ಬಂದವರು ಯುದ್ಧಕ್ಕಿಂತ ಮೊದಲೇ ಕಾಯಿಲೆಯಿಂದ ಸಾಯುತ್ತಿದ್ದರು. ಯುರೋಪಿನಿಂದ ಡಾಕ್ಟರ್‌ಗಳನ್ನು ತರಿಸೋದು ದುಬಾರಿ, ಬಂದವರಿಗೆ ರೋಗಿಯ ಮಾತೂ ಅರ್ಥ ಆಗ್ತಿರಲಿಲ್ಲ. ಡಾಕ್ಟರ್‌ಗಳನ್ನು ಇಲ್ಲೇ ತಯಾರು ಮಾಡೋಣ ಅನ್ನೋದು ಕ್ಲೋ ಅವರ ಸಲಹೆ. ಪಾಶಾ ಒಪ್ಪಿದರು. ಅಬು ಝಾಬಲ್‌ನ ಮಿಲಿಟರಿ ಆಸ್ಪತ್ರೆಗೆ ಸೇರಿದಂತೆ ಮೆಡಿಕಲ್ ಕಾಲೇಜು ಶುರುವಾಯ್ತು.

ಹುಡುಗರನ್ನು ಆರಿಸಿದ್ದು ಹೆಚ್ಚಾಗಿ ಅಲ್ ಅಝರ್‌ನಿಂದ. ಅದು ಕೈರೋದ ಹಳೆಯ ಧಾರ್ಮಿಕ ವಿದ್ಯಾಕೇಂದ್ರ. ಅಲ್ಲಿ ಓದಿದವರಿಗೆ ಅರೇಬಿಕ್ ವ್ಯಾಕರಣ ಚೆನ್ನಾಗಿ ಗೊತ್ತು, ಆದ್ರೆ ವಿಜ್ಞಾನದ ಗಂಧ ಇಲ್ಲ.

ಇಲ್ಲಿ ಕ್ಲೋ ಮುಂದೆ ಎರಡು ದಾರಿ ಇತ್ತು. ಮೊದಲು ಎಲ್ಲರಿಗೂ ಫ್ರೆಂಚ್ ಕಲಿಸಿ ಆಮೇಲೆ ವೈದ್ಯಕೀಯ ಕಲಿಸೋದು ಒಂದು. ಪಾಠವನ್ನೇ ಅರೇಬಿಕ್‌ಗೆ ತರೋದು ಇನ್ನೊಂದು. ಅವರು ಎರಡನೇ ದಾರಿ ಹಿಡಿದರು. ಮೇಷ್ಟ್ರು ಪಾಠವನ್ನು ಫ್ರೆಂಚ್‌ನಲ್ಲಿ ಸಿದ್ಧ ಮಾಡಿ ಅನುವಾದಕರಿಗೆ ಕೊಡೋದು. ಅನುವಾದಕರು ಅದನ್ನು ಅರೇಬಿಕ್‌ಗೆ ತರೋದು. ಹುಡುಗರು ಕೇಳಿ ಬರೆದುಕೊಳ್ಳೋದು. ಆದ್ರೆ ಅನುವಾದಕನಿಗೇ ವಿಷಯ ಅರ್ಥ ಆಗದಿದ್ದರೆ ಪಾಠ ಕೆಟ್ಟಂತೆ. ಅದಕ್ಕೇ ಅನುವಾದಕರೂ ವೈದ್ಯಕೀಯ ಕಲಿಯುವಂತೆ ಮಾಡಿದರು. ಹುಡುಗರನ್ನು ಹತ್ತತ್ತು ಜನರ ಗುಂಪು ಮಾಡಿ, ಚೆನ್ನಾಗಿ ಅರ್ಥ ಮಾಡಿಕೊಂಡವನು ಉಳಿದವರಿಗೆ ಹೇಳಿಕೊಡೋ ವ್ಯವಸ್ಥೆಯೂ ಇತ್ತು. ಪರೀಕ್ಷೆ ಹಿಂದಿನ ರಾತ್ರಿ ನಮ್ಮ ಹಾಸ್ಟೆಲ್ ರೂಮಲ್ಲಿ ನಡೆಯೋದೂ ಇದೇ ಅಲ್ವಾ!

ಪದಗಳದ್ದು ಇನ್ನೊಂದು ಸಮಸ್ಯೆ. ಹೊಸ ವಿಜ್ಞಾನದ ಎಷ್ಟೋ ಪದಗಳಿಗೆ ಅರೇಬಿಕ್‌ನಲ್ಲಿ ಹೆಸರಿರಲಿಲ್ಲ. ಹಾಗಂತ ಅರೇಬಿಕ್ ಬರಿಗೈಯಲ್ಲೇನೂ ಇರಲಿಲ್ಲ. ಇಬ್ನ್ ಸೀನಾ ಅಂಥವರು ಎಂಟುನೂರು ವರ್ಷ ಹಿಂದೆಯೇ ಆ ಭಾಷೆಯಲ್ಲಿ ವೈದ್ಯಗ್ರಂಥ ಬರೆದಿದ್ದರು. ಹಳೆಯ ಪುಸ್ತಕಗಳಿಂದ ಪದ ಹುಡುಕಿ, ಸಿಗದಿದ್ದರೆ ಹೊಸದು ಕಟ್ಟಿ, ಅದೂ ಆಗದಿದ್ದರೆ ಯುರೋಪಿನ ಪದವನ್ನೇ ಇಟ್ಟುಕೊಂಡು ಕೆಲಸ ಸಾಗಿಸಿದರು. ಅನುವಾದದ ಭಾಷೆ ತಿದ್ದೋಕೆ ವಿದ್ವಾಂಸರನ್ನು ನೇಮಿಸಿದ್ದರು. ಅವರಲ್ಲಿ ಒಬ್ಬರಾದ ಮುಹಮ್ಮದ್ ಇಬ್ನ್ ಉಮರ್ ಅಲ್ ತೂನಿಸಿ ವೈದ್ಯಕೀಯ ಪದಗಳ ಒಂದು ದೊಡ್ಡ ನಿಘಂಟನ್ನೇ ಮಾಡಿದರು. ಪುಸ್ತಕಗಳು ಕೈರೋದ ಬುಲಾಕ್ ಸರ್ಕಾರಿ ಮುದ್ರಣಾಲಯದಲ್ಲಿ ಅಚ್ಚಾದವು.

ಹೆಣ ಕೊಯ್ದು ಕಲಿಯೋದಕ್ಕೆ ವಿರೋಧ ಇತ್ತು. ಧರ್ಮಗುರುಗಳ ಜೊತೆ ಮಾತಾಡಿ, ಸದ್ದಿಲ್ಲದೆ ಶುರು ಮಾಡಬೇಕಾಯ್ತು. ಒಮ್ಮೆ ಒಬ್ಬ ವಿದ್ಯಾರ್ಥಿಯೇ ಕ್ಲೋ ಮೇಲೆ ಕಠಾರಿಯಿಂದ ಹಲ್ಲೆ ಮಾಡಿದ. ಅವರು ಬದುಕಿಕೊಂಡರು, ಅನಾಟಮಿ ಪಾಠ ನಿಲ್ಲಲಿಲ್ಲ.

1831ರಲ್ಲಿ ಈಜಿಪ್ಟಿಗೆ ಕಾಲರಾ ಬಂತು. ಆಗ ಮಾಡಿದ ಸೇವೆಗಾಗಿ ಪಾಶಾ ಅವರಿಗೆ ಬೇ ಅನ್ನೋ ಬಿರುದು ಕೊಟ್ಟರು. ಮುಂದಿನ ವರ್ಷ ಕ್ಲೋ ಬೇ ಹನ್ನೆರಡು ಜನ ಒಳ್ಳೆಯ ವಿದ್ಯಾರ್ಥಿಗಳನ್ನು ಪ್ಯಾರಿಸ್‌ಗೆ ಕರೆದುಕೊಂಡು ಹೋದರು. ಅಲ್ಲಿನ ದೊಡ್ಡ ವೈದ್ಯರ ಮುಂದೆ ಅವರಿಗೆ ಪರೀಕ್ಷೆ ನಡೆಯಿತು. ಐದು ವರ್ಷದ ಹಿಂದೆ ಅನಾಟಮಿ ಅಂದ್ರೆ ಏನು ಅಂತ ಗೊತ್ತಿಲ್ಲದ ಹುಡುಗರು ಉತ್ತರ ಕೊಟ್ಟರು. ಆಮೇಲೆ ಅಲ್ಲೇ ಉಳಿದು ಮುಂದಿನ ಓದು ಮುಗಿಸಿದರು. ಈಗಿನ ಲೆಕ್ಕದಲ್ಲಿ ಹೇಳೋದಾದ್ರೆ ಅದು ಅವರ ಪಿಜಿ. ವಾಪಸ್ ಬಂದು ಅದೇ ಕಾಲೇಜಿನಲ್ಲಿ ಮೇಷ್ಟ್ರಾದರು, ಪುಸ್ತಕಗಳನ್ನು ಅರೇಬಿಕ್‌ಗೆ ತಂದರು. ಈಗ ನಡುವೆ ಅನುವಾದಕ ಬೇಕಾಗಿರಲಿಲ್ಲ. ಅವರಲ್ಲಿ ಮುಹಮ್ಮದ್ ಶಾಫಿ 1847ರಲ್ಲಿ ಆ ಕಾಲೇಜಿನ ಮೊದಲ ಈಜಿಪ್ಟಿಯನ್ ನಿರ್ದೇಶಕರಾದರು. ಮುಹಮ್ಮದ್ ಅಲಿ ಅಲ್ ಬಕ್ಲಿ 1865ರಲ್ಲಿ ಅರೇಬಿಕ್‌ನಲ್ಲಿ ವೈದ್ಯಕೀಯ ಪತ್ರಿಕೆಯನ್ನೇ ಶುರು ಮಾಡಿದರು.

1832ರಲ್ಲೇ ಇನ್ನೊಂದು ಶಾಲೆ ಶುರುವಾಗಿತ್ತು, ಸೂಲಗಿತ್ತಿಯರಿಗೆ. ಯಾವ ಮನೆಯವರೂ ಹೆಣ್ಣುಮಕ್ಕಳನ್ನು ಕಳಿಸೋಕೆ ತಯಾರಿರಲಿಲ್ಲ. ಹಾಗಾಗಿ ಸುಡಾನ್ ಮತ್ತು ಅಬಿಸೀನಿಯಾ ಮೂಲದ ಹತ್ತು ಗುಲಾಮ ಹುಡುಗಿಯರನ್ನು ಕೊಂಡು ತಂದು ಓದಿಸಿದರು. ಓದೋ ಆಸೆ ಇದೆಯಾ ಅಂತ ಅವರನ್ನು ಯಾರೂ ಕೇಳಿರಲಿಲ್ಲ. ಹೆರಿಗೆ, ಸಿಡುಬಿನ ಲಸಿಕೆ ಎಲ್ಲ ಕಲಿತು ಆ ಶಾಲೆಯ ಹೆಣ್ಣುಮಕ್ಕಳು ಸರ್ಕಾರದ ವೈದ್ಯಕೀಯ ಸೇವೆಗೆ ಸೇರಿದರು. ಇದನ್ನು ಹೊಗಳಬೇಕೋ ಬೇಸರ ಪಡಬೇಕೋ ನನಗಿನ್ನೂ ಗೊತ್ತಾಗ್ತಿಲ್ಲ.

ಕ್ಲೋ ಬೇ ತಪ್ಪೇ ಮಾಡದ ಮನುಷ್ಯ ಅಂತಲೂ ಅಲ್ಲ. 1835ರಲ್ಲಿ ಪ್ಲೇಗ್ ಬಂದು ಸಾವಿರಾರು ಜನ ಸತ್ತರು. ಎಷ್ಟೋ ಯುರೋಪಿಯನ್ನರು ಬಾಗಿಲು ಹಾಕಿಕೊಂಡು ಕೂತಾಗ ಕ್ಲೋ ಬೇ ಊರಲ್ಲೇ ಇದ್ದು ರೋಗಿಗಳನ್ನು ನೋಡಿದರು. ಪ್ಲೇಗ್ ಒಬ್ಬರಿಂದ ಒಬ್ಬರಿಗೆ ಅಂಟಲ್ಲ ಅಂತ ಅವರು ಗಟ್ಟಿಯಾಗಿ ನಂಬಿದ್ದರು. ಅದನ್ನು ತೋರಿಸೋಕೆ ರೋಗಿಯ ದೇಹದ ದ್ರವವನ್ನು ತಮ್ಮ ಮೈಗೇ ಚುಚ್ಚಿಕೊಂಡರು. ಅವರಿಗೆ ಪ್ಲೇಗ್ ಬರಲಿಲ್ಲ. 1840ರಲ್ಲಿ ಇದರ ಬಗ್ಗೆ ದೊಡ್ಡ ಪುಸ್ತಕ ಬರೆದರು. ಧೈರ್ಯ ನಿಜ, ತೀರ್ಮಾನ ಮಾತ್ರ ತಪ್ಪು. 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಪ್ಲೇಗಿನ ಬ್ಯಾಕ್ಟೀರಿಯಾ ಸಿಕ್ಕಿತು. ಒಬ್ಬನ ಮೇಲೆ ಒಂದು ಸಲ ಮಾಡಿದ ಪ್ರಯೋಗ ಪುರಾವೆ ಆಗಲ್ಲ. ಲ್ಯಾಬ್‌ನಲ್ಲಿ ಒಂದೇ ರೀಡಿಂಗ್ ತಗೊಂಡು ಗ್ರಾಫ್ ಬರೆಯೋ ನಾವೆಲ್ಲ ಇದನ್ನು ನೆನಪಿಡಬೇಕು.

1837ರಲ್ಲಿ ಕಾಲೇಜು ಕೈರೋದ ಕಸ್ರ್ ಅಲ್ ಐನಿಗೆ ಬಂತು. ಮುಹಮ್ಮದ್ ಅಲಿಯ ಕಾಲ ಮುಗಿದ ಮೇಲೆ ಮುಂದಿನ ದೊರೆಗೆ ಆಸಕ್ತಿ ಇರಲಿಲ್ಲ. 1849ರಲ್ಲಿ ಕ್ಲೋ ಬೇ ಫ್ರಾನ್ಸಿಗೆ ವಾಪಸ್ ಹೋದರು. ಕಾಲೇಜು ಸೊರಗಿತು, ಸ್ವಲ್ಪ ಕಾಲ ಮುಚ್ಚಿಯೂ ಹೋಯಿತು. 1856ರಲ್ಲಿ ಮತ್ತೆ ತೆರೆದಾಗ ಅರವತ್ತು ದಾಟಿದ್ದ ಕ್ಲೋ ಬೇ ತಿರುಗಿ ಬಂದು ನಿಂತರು. 1868ರಲ್ಲಿ ಮಾರ್ಸೇಯಲ್ಲಿ ತೀರಿಕೊಂಡರು.

ಅವರು ಹೋದ ಮೇಲೂ ಅರೇಬಿಕ್ ಪಾಠ ನಡೀತಾ ಇತ್ತು. 1882ರಲ್ಲಿ ಬ್ರಿಟಿಷರು ಈಜಿಪ್ಟ್ ಹಿಡಿದುಕೊಂಡರು. ಆ ಶತಮಾನ ಮುಗಿಯೋ ಹೊತ್ತಿಗೆ ಕಸ್ರ್ ಅಲ್ ಐನಿಯಲ್ಲಿ ಪಾಠ ಇಂಗ್ಲಿಷ್‌ನಲ್ಲಿ ನಡೀತಿತ್ತು. ಕಾಲೇಜು ಈಗಲೂ ಇದೆ, ಕೈರೋ ವಿಶ್ವವಿದ್ಯಾಲಯದ ಭಾಗವಾಗಿದೆ. ಪಾಠ ಹೆಚ್ಚಾಗಿ ಇಂಗ್ಲಿಷ್‌ನಲ್ಲೇ. ಆದ್ರೆ ಅರಬ್ ದೇಶಗಳಲ್ಲೇ ಒಂದಾದ ಸಿರಿಯಾದಲ್ಲಿ ಮೆಡಿಕಲ್ ಓದು ಅರೇಬಿಕ್‌ನಲ್ಲಿ ನಡೆಯುತ್ತೆ. ಅಂದರೆ ಸೋತಿದ್ದು ಭಾಷೆ ಅಲ್ಲ.

ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಈ ಲೇಖನಕ್ಕೂ ಎಷ್ಟೋ ಪದ ಮನೆಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ. ನಾಳೆಯಿಂದಲೇ ಇಂಜಿನಿಯರಿಂಗ್ ಎಲ್ಲ ಕನ್ನಡದಲ್ಲಿ ಆಗಲಿ ಅಂತ ನಾನು ಹೇಳ್ತಿಲ್ಲ, ಹೇಳೋ ಧೈರ್ಯವೂ ಇಲ್ಲ. ಆದ್ರೆ ನಮ್ಮ ಕ್ಲಾಸಲ್ಲಿ ಹಳ್ಳಿ ಕನ್ನಡ ಶಾಲೆಯಿಂದ ಬಂದ ಗೆಳೆಯನೊಬ್ಬ ಇದ್ದಾನೆ. ಮೊದಲ ಸೆಮ್‌ನಲ್ಲಿ ಎರಡು ಸಬ್ಜೆಕ್ಟ್ ಹೋದಾಗ ತನಗೆ ತಲೆ ಇಲ್ಲ ಅಂತಲೇ ಅವನು ಅಂದುಕೊಂಡಿದ್ದ. ಹಾಸ್ಟೆಲ್‌ನಲ್ಲಿ ಯಾರೋ ಕನ್ನಡದಲ್ಲಿ ಬಿಡಿಸಿ ಹೇಳಿದ ಮೇಲೆ ಎರಡೂ ಪಾಸಾದ. ಈಗ ಅವನೇ ನಮಗೆ ಮ್ಯಾಥ್ಸ್ ಹೇಳಿಕೊಡ್ತಾನೆ.

ಅಬು ಝಾಬಲ್‌ನ ಆ ನೂರು ಹುಡುಗರಿಗೆ ಮೊದಲು ಫ್ರೆಂಚ್ ಕಲಿತು ಬನ್ನಿ ಅಂದಿದ್ದರೆ ಎಷ್ಟು ಜನ ಉಳೀತಿದ್ದರು? ಉತ್ತರ ಗೊತ್ತಿಲ್ಲ. ಕ್ಲೋ ಬೇ ಹಾಗೆ ಹೇಳಲಿಲ್ಲ ಅನ್ನೋದಷ್ಟೇ ಗೊತ್ತು.