ವರ್ಣಗಾಜಿನ ಮರ್ಮವರಿತ ವಿಜ್ಞಾನತಪಸ್ವಿ ಸರ್ ಸಿ.ವಿ. ರಾಮನ್

ಕಣ್ಣಿಗೆ ತೋರುವ ಬಣ್ಣವೊಂದು, ವಸ್ತುವಿನ ಒಡಲಲ್ಲಿ ಅಡಗಿರುವ ಸತ್ಯವೊಂದು. ಇವೆರಡರ ಅಂತರವನ್ನು ಬೆಳಕಿನಿಂದಲೇ ಅರಿಯುವ ದಾರಿಯನ್ನು ಲೋಕಕ್ಕೆ ತೋರಿದ ಮಹನೀಯರು ಚಂದ್ರಶೇಖರ ವೆಂಕಟರಾಮನ್. ಅವರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್ ಅಧ್ಯಾಪಕರು. ತಾಯಿ ಪಾರ್ವತಿ ಅಮ್ಮಾಳ್. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಎಂ.ಎ. ಪದವಿ ಗಳಿಸಿ, 1907ರಲ್ಲಿ ಸರ್ಕಾರದ ಹಣಕಾಸು ಇಲಾಖೆಯನ್ನು ಸೇರಿ ಕಲ್ಕತ್ತೆಗೆ ತೆರಳಿದರು.

ಹಗಲು ಲೆಕ್ಕಪತ್ರಗಳ ಉದ್ಯೋಗ. ಮುಂಜಾವು, ಇರುಳುಗಳು ಮಹೇಂದ್ರಲಾಲ್ ಸರ್ಕಾರರು 1876ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಸಂಘದ ಪ್ರಯೋಗಶಾಲೆಗೆ ಮೀಸಲು. 1917ರಲ್ಲಿ ಹೆಚ್ಚಿನ ಸಂಬಳದ ಅಧಿಕಾರವನ್ನು ತೊರೆದು, ಕಡಿಮೆ ವೇತನದ ಪ್ರಾಧ್ಯಾಪಕ ಪೀಠವನ್ನು ಒಪ್ಪಿಕೊಂಡರು. ಫಲದ ಆಸೆಯನ್ನು ಬದಿಗಿಟ್ಟು ದುಡಿಯುವ ಕಾಯಕನಿಷ್ಠೆಯನ್ನು ಶರಣರು ಬೋಧಿಸಿದರಷ್ಟೆ. ರಾಮನ್ನರ ಬಾಳಿನಲ್ಲಿ ಅಂಥ ನಿಷ್ಠೆಯನ್ನೇ ಕಾಣಬಹುದು.

1921ರ ಸಮುದ್ರಯಾನದಲ್ಲಿ ಮೆಡಿಟರೇನಿಯನ್ ಕಡಲಿನ ನೀಲಿಮೆ ಅವರ ಮನವನ್ನು ಸೆಳೆಯಿತು. ಬೆಳಕಿನ ಚದುರುವಿಕೆಯ ಆ ವಿಚಾರವು 1928ರಲ್ಲಿ ಫಲಿಸಿತು. ಶಿಷ್ಯ ಕೆ.ಎಸ್. ಕೃಷ್ಣನ್ನರೊಡನೆ ಅವರು ಬಳಸಿದ ಸಾಧನಗಳಲ್ಲಿ ಬಣ್ಣದ ಗಾಜಿನ ಶೋಧಕಗಳೇ ಮುಖ್ಯವಾಗಿದ್ದವು. ಬಿಸಿಲನ್ನು ನೇರಳೆ ಗಾಜಿನ ಮೂಲಕ ದ್ರವಕ್ಕೆ ಹಾಯಿಸಿ, ಆ ನೇರಳೆಯನ್ನು ಪೂರ್ತಿಯಾಗಿ ತಡೆಯುವ ಹಸುರು ಗಾಜಿನಿಂದ ನೋಡಿದರೆ ಕತ್ತಲೆಯೇ ಕಾಣಬೇಕು. ಆದರೆ ಮಂದವಾದ ಬೆಳಕೊಂದು ಕಂಡಿತು. ದ್ರವದ ಅಣುಗಳ ಕಂಪನದಿಂದ ಬೆಳಕಿನ ಬಣ್ಣವೇ ಕೊಂಚ ಬದಲಾಗಿತ್ತು. ಈ ಬದಲಾವಣೆಯು ವಸ್ತುವಿನಿಂದ ವಸ್ತುವಿಗೆ ಬೇರೆ. ಆದುದರಿಂದ ಅದು ವಸ್ತುವಿನ ಮುದ್ರಿಕೆಯಿದ್ದಂತೆ. ಫೆಬ್ರವರಿ 28 ಈ ಶೋಧದ ದಿನ. ಮಾರ್ಚ್ 16ರಂದು ಬೆಂಗಳೂರಿನಲ್ಲಿ ರಾಮನ್ನರು ಇದನ್ನು ಉಪನ್ಯಾಸದ ಮೂಲಕ ವಿವರಿಸಿದರು. 1930ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

1933ರಲ್ಲಿ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬೆಂಗಳೂರಿಗೆ ಬಂದು, ಕನ್ನಡ ನಾಡಿನಲ್ಲೇ ನೆಲೆಸಿದರು. 1940ರ ಸುಮಾರಿಗೆ ವಿ.ಎಸ್. ರಾಜಗೋಪಾಲನ್ನರೊಡನೆ ಪ್ರಾಚೀನ ಗಾಜನ್ನು ಪರೀಕ್ಷಿಸಿದರು. ಬಹುಕಾಲ ಮಣ್ಣಿನಲ್ಲಿ ಹುದುಗಿದ ಗಾಜು ತೇವದಿಂದ ಶಿಥಿಲವಾಗಿ ತೆಳುವಾದ ಪದರಗಳಾಗುತ್ತದೆ. ಅದರ ನವಿಲುಗರಿಯಂಥ ಹೊಳಪು ಬಣ್ಣ ಬೆರೆಸಿದ್ದರಿಂದ ಬಂದುದಲ್ಲ, ಪದರಗಳಲ್ಲಿ ಬೆಳಕಿನ ಅಲೆಗಳು ಒಂದನ್ನೊಂದು ಕೂಡುವುದರಿಂದ ಬಂದುದು.

ಮೈಸೂರು ಅರಮನೆಯ ಕಲ್ಯಾಣಮಂಟಪದ ಮೇಲ್ಛಾವಣಿಯಲ್ಲಿ ನವಿಲುಗಳ ಚಿತ್ತಾರದ ವರ್ಣಗಾಜನ್ನು ಪ್ರವಾಸಿಗರು ಕಂಡಿರುತ್ತಾರೆ. ಯೂರೋಪಿನ ಪುರಾತನ ಇಗರ್ಜಿಗಳ ಕಿಟಕಿಗಳು ಇದಕ್ಕಿಂತ ಎಷ್ಟೋ ಶತಮಾನ ಹಳೆಯವು. ಒಡೆದ ತುಂಡಿನ ಜಾಗದಲ್ಲಿ ಕೂರಿಸಿದ ಹೊಸ ತುಂಡು ಬಣ್ಣದಲ್ಲಿ ಹಳೆಯದನ್ನೇ ಹೋಲುತ್ತದೆ. ಆದರೆ ಮಧ್ಯಯುಗದ ಕುಶಲಿಗಳು ಮರಳಿನೊಡನೆ ಮರದ ಬೂದಿಯನ್ನು ಬೆರೆಸುತ್ತಿದ್ದುದರಿಂದ ಆ ಗಾಜಿನಲ್ಲಿ ಪೊಟ್ಯಾಸಿಯಂ ಹೆಚ್ಚು. 19ನೆಯ ಶತಮಾನದ ಗಾಜಿನಲ್ಲಿ ಸಾಮಾನ್ಯವಾಗಿ ಸೋಡಿಯಂ ಹೆಚ್ಚು. 1960ರಲ್ಲಿ ಲೇಸರ್ ಬಂದ ಮೇಲೆ ರಾಮನ್ ಪರಿಣಾಮವು ಇಂಥ ಪರೀಕ್ಷೆಗೆ ಬಲವಾದ ಸಾಧನವಾಯಿತು. ಪ್ಯಾರಿಸಿನ ಸೇಂಟ್ ಷಾಪೆಲ್‌ನ 13ನೆಯ ಶತಮಾನದ ಕಿಟಕಿಗಳಲ್ಲಿ ಹಳೆಯ ಗಾಜು ಯಾವುದು, ಜೀರ್ಣೋದ್ಧಾರದಲ್ಲಿ ಸೇರಿದುದು ಯಾವುದು ಎಂಬುದನ್ನು, ಒಂದು ಚೂರನ್ನೂ ಕೀಳದೆ, ಸ್ಥಳದಲ್ಲಿಯೇ ಪರೀಕ್ಷಿಸಲಾಯಿತು.

ಇದೇ ಕ್ರಮ ವರ್ಣಚಿತ್ರಗಳಿಗೂ ಸಲ್ಲುತ್ತದೆ. ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಜನಕ್ಕೆ ಚಿನ್ನದ ಲೇಪದಿಂದ ಬೆಳಗುವ ಸುರಪುರ ಶೈಲಿಯ ಚಿತ್ರಗಳು ಹಿರಿಯರು ಬಿಟ್ಟುಹೋದ ಆಸ್ತಿ. ಇಂಗಳೀಕ, ಹರಿತಾಳಗಳಂಥ ಹಳೆಯ ಬಣ್ಣಗಳನ್ನು ಈ ಬೆಳಕು ಗುರುತಿಸಬಲ್ಲುದು. ಹಳೆಯದೆನಿಸಿದ ಚಿತ್ರದಲ್ಲಿ 1935ರ ಸುಮಾರಿಗೆ ಮಾರುಕಟ್ಟೆಗೆ ಬಂದ ಥ್ಯಾಲೋಸಯನಿನ್ ನೀಲಿ ಕಂಡುಬಂದರೆ, ಆ ಬಣ್ಣ ಅನಂತರ ಬಳಿದುದೆಂದು ನಿಶ್ಚಯ. ಚಿತ್ರವೇ ನಕಲೋ, ಹಳೆಯದನ್ನು ತಿದ್ದಿದುದೋ ಎಂಬ ತೀರ್ಮಾನಕ್ಕೆ ಶೈಲಿಯನ್ನೂ ಇತಿಹಾಸವನ್ನೂ ಬಲ್ಲ ಪಂಡಿತರ ಸಾಕ್ಷ್ಯವೂ ಬೇಕು. ಪರೀಕ್ಷೆಯಿಲ್ಲದ ಹೊಗಳಿಕೆಯಿಂದ ನಕಲು ಮೆರೆಯುತ್ತದೆ, ನಿಜವಾದ ಕಲೆ ಮೂಲೆಗೆ ಬೀಳುತ್ತದೆ.

1948ರಲ್ಲಿ ತಮ್ಮದೇ ಸಂಶೋಧನ ಸಂಸ್ಥೆಯನ್ನು ಕಟ್ಟಿ, ಕೊನೆಯವರೆಗೂ ಅಲ್ಲಿಯೇ ದುಡಿದ ರಾಮನ್ನರು 1954ರಲ್ಲಿ ಭಾರತರತ್ನರಾದರು. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ದೇಹವಿಟ್ಟರು. 1987ರಿಂದ ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನವಾಗಿ ಶಾಲೆ ಶಾಲೆಗಳಲ್ಲಿ ನಡೆಯುತ್ತಿದೆ. ಕಂಡದ್ದನ್ನು ಹಾಗೆಯೇ ನಂಬದೆ, ಪರೀಕ್ಷಿಸುವ ವಸ್ತುವಿಗೆ ಕುಂದೂ ತಾರದೆ, ಒಡಲ ಸತ್ಯವನ್ನು ಅರಿಯುವ ಆ ವಿವೇಕವನ್ನು ಬಾಲಕ ಬಾಲಕಿಯರು ಕಲಿತರೆ ಅದೇ ಆ ಜ್ಞಾನತಪಸ್ವಿಗೆ ಸಲ್ಲುವ ನಿಜವಾದ ಪೂಜೆ.