ಡಾ. ಕೋಟ್ನಿಸ್ ಆಕ್ಯುಪಂಕ್ಚರ್ ವೈದ್ಯರೇ? ಸಂಘದ ಸದಸ್ಯತ್ವ ಇದ್ದರೆ ಸಾಕೇ?

ಆಕ್ಯುಪಂಕ್ಚರ್ ಅಂದರೆ ಸೂಜಿ ಚಿಕಿತ್ಸೆ. ನಮ್ಮ ದೇಶದಲ್ಲಿ ಇದರ ಆಸ್ಪತ್ರೆ, ಸಮಿತಿಗಳಿಗೆ ಡಾ. ದ್ವಾರಕಾನಾಥ ಕೋಟ್ನಿಸ್ ಅವರ ಹೆಸರು ಇಟ್ಟಿರುವುದುಂಟು. ಹಾಗಾಗಿ ಚೀನಾದಿಂದ ಈ ಚಿಕಿತ್ಸೆ ತಂದವರು ಅವರೇ ಎಂದು ಅನಿಸಬಹುದು. ನಿಜ ಏನು? ನೋಡೋಣ.

ಕೋಟ್ನಿಸ್ ಹುಟ್ಟಿದ್ದು 1910ರ ಅಕ್ಟೋಬರ್ 10ರಂದು, ಸೊಲ್ಲಾಪುರದಲ್ಲಿ. ಗಜೇಂದ್ರಗಡ, ಪುರ್ತಗೇರಿ ಕಡೆಯವರಿಗೆ ಇದು ಅಪರಿಚಿತ ಊರಲ್ಲ. ವಿಜಯಪುರ ದಾಟಿ ಹೋದರೆ ಸಿಗುವ, ಇಂದಿಗೂ ಕನ್ನಡ ಮಾತಾಡುವವರಿರುವ ಗಡಿ ಜಿಲ್ಲೆ. ಮುಂಬೈಯಲ್ಲಿ ಓದಿ ಅವರು ಡಾಕ್ಟರ್ ಆದರು.

1937ರಲ್ಲಿ ಜಪಾನ್ ಚೀನಾದ ಮೇಲೆ ದೊಡ್ಡ ದಾಳಿ ಮಾಡಿತು. ಚೀನಾದ ಸೇನಾನಿ ಝು ಡೆ, ವೈದ್ಯರನ್ನು ಕಳಿಸುವಂತೆ ನೆಹರೂ ಅವರನ್ನು ಕೋರಿದರು. ಕಾಂಗ್ರೆಸ್ 1938ರಲ್ಲಿ ಐವರು ವೈದ್ಯರನ್ನು ಕಳಿಸಿತು. ಅಟಲ್, ಚೋಳ್ಕರ್, ಮುಖರ್ಜಿ, ಬಸು ಮತ್ತು ಕೋಟ್ನಿಸ್. ನಾಲ್ವರು ಮುಂದೆ ಸ್ವದೇಶಕ್ಕೆ ಮರಳಿದರು. ಕೋಟ್ನಿಸ್ ಮರಳಲಿಲ್ಲ.

ಅಲ್ಲಿ ಅವರ ಕೆಲಸ ಶಸ್ತ್ರಚಿಕಿತ್ಸೆ. ಗಾಯಗೊಂಡ ಸೈನಿಕರಿಗೆ ಯುದ್ಧಭೂಮಿಯ ಹತ್ತಿರವೇ ಆಪರೇಷನ್ ಮಾಡುತ್ತಿದ್ದರು. 1941ರಲ್ಲಿ ಬೆಥೂನ್ ಹೆಸರಿನ ಆಸ್ಪತ್ರೆಯ ಮುಖ್ಯಸ್ಥರಾದರು. ಅಲ್ಲಿಯೇ ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು. ಮಗನಿಗೆ ಯಿನ್‌ಹುವಾ ಎಂದು ಹೆಸರಿಟ್ಟರು. ಭಾರತ ಮತ್ತು ಚೀನಾ ಎರಡೂ ಸೇರಿದ ಹೆಸರದು. ಮಗುವಿಗೆ ಕೆಲವೇ ತಿಂಗಳಾಗಿದ್ದಾಗ, 1942ರ ಡಿಸೆಂಬರ್ 9ರಂದು, ಮೂರ್ಛೆರೋಗದಿಂದ ಅವರು ತೀರಿಕೊಂಡರು. ಆಗ ಅವರಿಗೆ 32 ವರ್ಷ.

ಹಾಗಾದರೆ ಸೂಜಿ ಚಿಕಿತ್ಸೆ ತಂದವರು ಯಾರು? ಅವರ ಜೊತೆಗಾರ ಡಾ. ಬಿಜಯ್ ಕುಮಾರ್ ಬಸು. 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಕಲಿತು, ಕಲ್ಕತ್ತೆಯಲ್ಲಿ ಚಿಕಿತ್ಸೆ ಶುರು ಮಾಡಿದರು. ತೀರಿಹೋದ ಗೆಳೆಯನ ಹೆಸರಿನ ಸಮಿತಿಯ ಮೂಲಕ ಈ ವಿದ್ಯೆ ಹಬ್ಬಿತು. ಕೋಟ್ನಿಸ್ ಹೆಸರು ಸೂಜಿಗೆ ಅಂಟಿಕೊಂಡಿದ್ದು ಹೀಗೆ.

ಇದು ನಮಗೆ ಯಾಕೆ ಮುಖ್ಯ? ದೊಡ್ಡವರ ಹೆಸರು ಬೋರ್ಡಿನ ಮೇಲಿದ್ದ ಮಾತ್ರಕ್ಕೆ ಒಳಗಿರುವವರು ಕಲಿತವರು ಎಂದಾಗುವುದಿಲ್ಲ. ಸಂಘದ ಸದಸ್ಯತ್ವವೂ ಅಷ್ಟೇ. ಕರ್ನಾಟಕದಲ್ಲಿ ಯಾವುದೇ ಸಂಘವನ್ನು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಬಹುದು. ಸರ್ಟಿಫಿಕೇಟಿನಲ್ಲಿರುವ ಆ ನಂಬರ್ ಸಂಘದ್ದು, ವೈದ್ಯರದ್ದಲ್ಲ. ಸಂಘ ಸೇರಿದರೆ ತರಬೇತಿ, ಸಹೋದ್ಯೋಗಿಗಳ ಒಡನಾಟ ಸಿಗಬಹುದು. ಚಿಕಿತ್ಸೆ ಕೊಡುವ ಪರವಾನಗಿ ಸಿಗುವುದಿಲ್ಲ. ಕಾನೂನಿನಿಂದ ರಚನೆಯಾದ ಮಂಡಳಿಯ ಮಾತು ಬೇರೆ. ಪಶ್ಚಿಮ ಬಂಗಾಳ 1996ರಲ್ಲೇ ಆಕ್ಯುಪಂಕ್ಚರ್‌ಗೆಂದು ಕಾಯ್ದೆ ಮಾಡಿತು. ಮಹಾರಾಷ್ಟ್ರದಲ್ಲೂ ಅಂಥ ಕಾಯ್ದೆ ಇದೆ.

ಸೂಜಿ ಚುಚ್ಚಿಸಿಕೊಳ್ಳುವ ಮುಂಚೆ ಮೂರು ಪ್ರಶ್ನೆ ಕೇಳಿ. ಎಲ್ಲಿ, ಎಷ್ಟು ವರ್ಷ ಕಲಿತಿದ್ದೀರಿ? ಈ ನಂಬರ್ ಸಂಘದ್ದೋ, ಸರ್ಕಾರಿ ಮಂಡಳಿಯದ್ದೋ? ಸೂಜಿ ಹೊಸದೇ? ಸಕ್ಕರೆ ಕಾಯಿಲೆ, ಬಿಪಿ, ಮೂರ್ಛೆರೋಗದ ಮಾತ್ರೆ ಬಿಡಿ ಎಂದರೆ ಬಿಡಬೇಡಿ, ನಿಮ್ಮ ಡಾಕ್ಟರನ್ನು ಕೇಳಿ.

ಕೋಟ್ನಿಸ್ ಕಥೆಯನ್ನು ಖಂಡಿತ ಶೇರ್ ಮಾಡಿ, ಜೊತೆಗೆ ಬಸು ಅವರ ಹೆಸರನ್ನೂ ಸೇರಿಸಿ.