ಹಡಗಿನ ಕಲಾಸಿಗಳಿಗೆ ಸಂಘ ಕಟ್ಟಿಕೊಟ್ಟ ನಮ್ಮ ಜಿಲ್ಲೆಯ ದಿನಕರ ದೇಸಾಯಿ

ದಿನಕರ ದೇಸಾಯಿ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಚುಟುಕ. ಕುಮಟಾ, ಹೊನ್ನಾವರದ ಹಳೇ ತಲೆಮಾರಿನವರ ಬಾಯಲ್ಲಿ ನಾಲ್ಕೈದು ಚೌಪದಿ ಇದ್ದೇ ಇರುತ್ತವೆ. ಶಿರಾಲಿಯ ಜನತಾ ವಿದ್ಯಾಲಯದಲ್ಲಿ ಓದಿದವರಿಗೆ ಅವರು ಶಾಲೆ ಕಟ್ಟಿಸಿದ ಮಹನೀಯರು. ಆದರೆ ಮುಂಬೈ ಬಂದರಿನಲ್ಲಿ ಅವರು ಮಾಡಿದ ಕೆಲಸದ ಸುದ್ದಿ ಊರಲ್ಲಿ ಅಷ್ಟಾಗಿ ಯಾರೂ ಎತ್ತುವುದಿಲ್ಲ. ಚುಟುಕ ಬಾಯಿಪಾಠ ಬಂತು, ಯೂನಿಯನ್ ಮರೆತುಹೋಯ್ತು. ಇವತ್ತು ಬರೆಯುತ್ತಿರುವುದು ಆ ಮರೆತ ಭಾಗದ ಬಗ್ಗೆ.

ಅಂಕೋಲಾ ತಾಲೂಕಿನ ದೇಸಾಯಿಯವರು ಹುಟ್ಟಿದ್ದು 1909ರಲ್ಲಿ. ಓದಲು ಮುಂಬೈಗೆ ಹೋದರು, ಎಂ.ಎ. ಆಯಿತು, ಕಾನೂನು ಪದವಿಯೂ ಆಯಿತು. ಕೋಟು ಹಾಕಿಕೊಂಡು ವಕೀಲಿಕೆ ಮಾಡಿದ್ದರೆ ಚೆನ್ನಾಗಿ ದುಡಿಯಬಹುದಿತ್ತು. ಅವರು ಸೇರಿದ್ದು ಗೋಖಲೆಯವರು 1905ರಲ್ಲಿ ಕಟ್ಟಿದ ಭಾರತ ಸೇವಕ ಸಮಾಜಕ್ಕೆ. ಅಲ್ಲಿ ಎನ್.ಎಂ. ಜೋಶಿ ಇದ್ದರು. 1920ರಲ್ಲಿ ಎಐಟಿಯುಸಿ ಹುಟ್ಟಿದಾಗ ಮುಂದೆ ನಿಂತವರಲ್ಲಿ ಒಬ್ಬರು, ಕಾರ್ಮಿಕ ಸಂಘಗಳಿಗೆ ಕಾನೂನಿನ ರಕ್ಷಣೆ ಬೇಕು ಎಂದು ಪಟ್ಟು ಹಿಡಿದವರು.

ಆ ರಕ್ಷಣೆ ಯಾಕೆ ಬೇಕಿತ್ತು ಅಂದರೆ, ಅದಕ್ಕೊಂದು ಕಾರಣ ಇದೆ. ಮದ್ರಾಸಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಮಿಲ್ಲಿನಲ್ಲಿ ಗಲಾಟೆ ಆದಾಗ, ಕೆಲಸಗಾರರ ಸಂಘದ ಮುಖಂಡರ ಮೇಲೇ ಕಂಪನಿ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತ್ತು. ಸಂಘ ಕಟ್ಟುವುದೇ ಅಪರಾಧ ಎಂಬಂಥ ಪರಿಸ್ಥಿತಿ. ಕೊನೆಗೆ 1926ರಲ್ಲಿ ಟ್ರೇಡ್ ಯೂನಿಯನ್ ಕಾಯ್ದೆ ಬಂತು. ಏಳು ಜನ ಸೇರಿ ಸಹಿ ಹಾಕಿದರೆ ನೋಂದಣಿಗೆ ಅರ್ಜಿ ಕೊಡಬಹುದಿತ್ತು (2001ರಲ್ಲಿ ಈ ಲೆಕ್ಕ ಇನ್ನಷ್ಟು ಬಿಗಿಯಾಯಿತು). ನೋಂದಣಿಯಾದ ಸಂಘ ವರ್ಷವರ್ಷ ಲೆಕ್ಕಪತ್ರ ಆಡಿಟ್ ಮಾಡಿಸಿ ಸರ್ಕಾರಕ್ಕೆ ಕೊಡಬೇಕು. ಪ್ರತಿಯಾಗಿ, ನ್ಯಾಯವಾದ ಮುಷ್ಕರಕ್ಕಾಗಿ ಮುಖಂಡರ ಮನೆ-ಮಾರು ಜಪ್ತಿಗೆ ಬರುವ ಹೆದರಿಕೆ ಇರಲಿಲ್ಲ.

ದೇಸಾಯಿಯವರು ಹಿಡಿದದ್ದು ಹಡಗಿನ ಕೆಲಸಗಾರರ ಕಡೆ. ನಮ್ಮಲ್ಲಿ ಬೋಟಿಗೆ ಹೋಗುವವರನ್ನು ಕಲಾಸಿ ಅನ್ನುತ್ತೇವಲ್ಲ, ಅದೇ ಜಾತಿಯ ಕೆಲಸ. ಬೋಟಲ್ಲ, ವಿಲಾಯತಿಗೆ ಹೋಗುವ ಉಗಿಹಡಗು, ಅಷ್ಟೇ ವ್ಯತ್ಯಾಸ. ಒಂದು ಪ್ರಯಾಣಕ್ಕೆ ಮಾತ್ರ ಕರಾರು. ಹಡಗು ಮರಳಿ ಮುಂಬೈ ಮುಟ್ಟಿತೋ, ಕೆಲಸ ಮುಗಿಯಿತು. ಮುಂದಿನ ಹಡಗು ಸಿಗುವ ತನಕ ತಿಂಗಳುಗಟ್ಟಲೆ ಖಾಲಿ ಕೂರಬೇಕು. ಹಡಗು ಹತ್ತಿಸುವವನು ದಲ್ಲಾಳಿ, ಇಲ್ಲವೇ ಸಾರಂಗ. ಅವನ ಕೈ ಬಿಸಿ ಮಾಡದೆ ಹೆಸರು ಬರುತ್ತಿರಲಿಲ್ಲ. ಖಾಲಿ ಇದ್ದಾಗ ಊಟ-ವಸತಿಗೆ ಸಾಲ, ಆ ಸಾಲ ತೀರಿಸಲು ಮುಂದಿನ ಸಂಬಳ. ದುಡಿಯುವವನು ಹಡಗಿನಲ್ಲಿ, ದುಡ್ಡು ದಡದಲ್ಲೇ ಬೇರೆಯವರ ಕಿಸೆಗೆ.

ಈ ಲಂಚ ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ. ನಾವಿಕರ ನೇಮಕಕ್ಕೆ ದುಡ್ಡು ತೆಗೆದುಕೊಳ್ಳಬಾರದು ಎಂದು 1920ರಲ್ಲೇ ಜಿನೋವಾದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ತೀರ್ಮಾನ ಮಾಡಿತ್ತು. 1922ರಲ್ಲಿ ಇಲ್ಲಿಯ ಸರ್ಕಾರಿ ಸಮಿತಿಯೊಂದು ದಲ್ಲಾಳಿ ಪದ್ಧತಿ ತೆಗೆಯಿರಿ ಎಂದಿತು. 1931ರಲ್ಲಿ ರಾಯಲ್ ಕಮಿಷನ್ ಬಂದು ಮತ್ತೆ ಅದೇ ಮಾತು. ವರದಿ ಮೇಲೆ ವರದಿ ಬಂತು, ಬಂದರಿನ ಗೇಟಿನಲ್ಲಿ ಮಾತ್ರ ವ್ಯಾಪಾರ ಹಾಗೇ ನಡೆಯಿತು.

ಕೆಲಸಗಾರರೂ ಒಟ್ಟಾಗಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಅಡುಗೆ-ಬಡಿಸುವ ಕೆಲಸಕ್ಕೆ ಗೋವಾದ ಕ್ರೈಸ್ತರು, ಡೆಕ್ಕಿಗೆ ರತ್ನಾಗಿರಿ ಕಡೆಯ ಕೊಂಕಣಿ ಮುಸ್ಲಿಮರು, ಇಂಜಿನ್ ಕೋಣೆಗೆ ಪಠಾಣರು, ಪಂಜಾಬಿಗಳು. ಭಾಷೆ ಬೇರೆ, ಬಿಡಾರ ಬೇರೆ, ದಲ್ಲಾಳಿ ಬೇರೆ. ಒಬ್ಬರ ಕಷ್ಟ ಇನ್ನೊಬ್ಬರಿಗೆ ಗೊತ್ತೇ ಆಗದಂತೆ ಇದ್ದದ್ದು ದಲ್ಲಾಳಿಗೆ ಅನುಕೂಲವೇ ಆಗಿತ್ತು. ಇಂಥವರನ್ನೆಲ್ಲ ಒಂದೇ ರಶೀದಿ ಪುಸ್ತಕದ ಕೆಳಗೆ ತರುವುದು ಭಾಷಣದಿಂದ ಆಗುವ ಕೆಲಸವಲ್ಲ ಮಾರಾಯ್ರೇ. ಬಿಡಾರಕ್ಕೆ ಹೋಗಬೇಕು, ಅರ್ಜಿ ಬರೆದುಕೊಡಬೇಕು, ಸಂಬಳದ ಲೆಕ್ಕ ಓದಿ ಹೇಳಬೇಕು. ನಾವಿಕರ ರಾಷ್ಟ್ರೀಯ ಸಂಘದ ಪ್ರಧಾನ ಕಾರ್ಯದರ್ಶಿಯಾಗಿ ದೇಸಾಯಿ ಹೊತ್ತದ್ದು ಇಂಥ ಹೊಣೆ.

1939ರಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಭಾರತದ ನಾವಿಕನ ಸಂಬಳ ಅದೇ ಹಡಗಿನ ಬ್ರಿಟಿಷ್ ನಾವಿಕನ ಸಂಬಳದ ನಾಲ್ಕನೇ ಒಂದು ಪಾಲೂ ಇರಲಿಲ್ಲ. ಟಾರ್ಪಿಡೋ ಮಾತ್ರ ಇಬ್ಬರಿಗೂ ಒಂದೇ. ಬ್ರಿಟನ್ನಿನ ಬಂದರುಗಳಲ್ಲಿ ನಮ್ಮವರು ಹಡಗು ಬಿಡುವುದಿಲ್ಲ ಎಂದು ಕೂತರು. ಕೆಲವರು ಜೈಲಿಗೂ ಹೋದರು. ಕೊನೆಗೆ ಸಂಬಳ ಏರಿತು, ಯುದ್ಧದ ಭತ್ಯೆ ಬಂತು. ಒಬ್ಬನೇ ಹೀಗೆ ಕೂತಿದ್ದರೆ ಕತ್ತು ಹಿಡಿದು ಇಳಿಸಿ ಇನ್ನೊಬ್ಬನನ್ನು ಹತ್ತಿಸುತ್ತಿದ್ದರು. ಮರುವರ್ಷ, 1940ರಲ್ಲಿ, ದೇಸಾಯಿಯವರು ಭಾರತದ ಹಡಗು ಕಾರ್ಮಿಕರ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕವನ್ನೇ ತಂದರು. ಈ ವಿಷಯ ಅಭ್ಯಾಸ ಮಾಡುವವರು ಇವತ್ತಿಗೂ ಅದನ್ನು ಹುಡುಕಿ ಓದುತ್ತಾರೆ.

ಸ್ವಾತಂತ್ರ್ಯ ಬಂದ ಮೇಲೆ 1958ರ ಮರ್ಚಂಟ್ ಶಿಪ್ಪಿಂಗ್ ಕಾಯ್ದೆಯಲ್ಲಿ ನಾವಿಕರಿಗೆ ಸರ್ಕಾರಿ ಉದ್ಯೋಗ ಕಚೇರಿ ಎಂದಾಯಿತು. ಹಡಗಿನ ಕೆಲಸ ಕೊಡಿಸಲು ನಾವಿಕನಿಂದ ದುಡ್ಡು ಕೇಳುವುದು ಕಾನೂನುಬಾಹಿರ ಎಂದು ಬರೆದೇ ಇಟ್ಟರು. ಜಿನೋವಾದ ಮಾತು ಕಾಯ್ದೆ ಪುಸ್ತಕಕ್ಕೆ ಬರಲು 38 ವರ್ಷ ಹಿಡಿಯಿತು.

ಇತ್ತ ಊರನ್ನೂ ಅವರು ಬಿಟ್ಟಿರಲಿಲ್ಲ. 1930ರ ದಶಕದ ಕೊನೆಯಲ್ಲಿ ಅಂಕೋಲಾ ಸುತ್ತಮುತ್ತ ಗೇಣಿದಾರರನ್ನು ಸೇರಿಸಿ ರೈತಕೂಟ ನಡೆಸಿದರು. ಉಳುವವನು ಒಬ್ಬ, ಭತ್ತ ಹೋಗುವುದು ಒಡೆಯನ ಕಣಜಕ್ಕೆ. ಬಾಯಿ ಮಾತಿನ ಗೇಣಿ, ಒಡೆಯನ ಮನಸ್ಸು ತಿರುಗಿದರೆ ಮುಂದಿನ ಮಳೆಗಾಲಕ್ಕೆ ಗದ್ದೆಯೇ ಇಲ್ಲ. ಬಂದರಿನಲ್ಲಿ ದಲ್ಲಾಳಿ, ಇಲ್ಲಿ ಭೂಮಾಲೀಕ; ಒಬ್ಬೊಬ್ಬನೇ ಎದುರು ನಿಂತರೆ ಎರಡು ಕಡೆಯೂ ಸೋಲೇ. ಕೂಟ ಬಲವಾಗುತ್ತಿದ್ದಂತೆ ಸರ್ಕಾರಕ್ಕೆ ಇರುಸುಮುರುಸಾಯಿತು. 1940ರಲ್ಲಿ ದೇಸಾಯಿಯವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿದರು. 1945ರ ತನಕ ಸ್ವಂತ ಊರಿಗೆ ಕಾಲಿಡುವ ಹಾಗಿರಲಿಲ್ಲ.

1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಹುಟ್ಟಿತು. ಶಿರಾಲಿಯಿಂದ ದಾಂಡೇಲಿಯವರೆಗೆ ಶಾಲೆಗಳು, ಗೋಖಲೆಯವರ ಜನ್ಮಶತಾಬ್ದಿಗೆ 1966ರಲ್ಲಿ ಅಂಕೋಲೆಯಲ್ಲಿ ಕಾಲೇಜು. ಇದು ಬೇರೆ ಕೆಲಸ ಎಂದು ಬಹಳ ಜನ ಬರೆಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸಂಬಳದ ಚೀಟಿ ಓದಲು ಬಾರದವನಿಗೆ ಯೂನಿಯನ್ ಎಷ್ಟು ದಿನ ಓದಿ ಹೇಳೀತು?

1967ರಲ್ಲಿ ನಮ್ಮ ಕೆನರಾ ಕ್ಷೇತ್ರದಿಂದ ಪಕ್ಷೇತರರಾಗಿ ನಿಂತು ಗೆದ್ದು ಲೋಕಸಭೆಗೆ ಹೋದರು. 1982ರಲ್ಲಿ ತೀರಿಕೊಂಡರು. ಅದಕ್ಕೂ ಮೊದಲು, 1974ರ ಮಾರ್ಚ್ 1ರಿಂದ ರಾಜ್ಯದ ಹೊಸ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದಿತ್ತು. ಒಮ್ಮೆ ರೈತಕೂಟದ ಸಭೆಗೆ ಹೋಗಲು ಹೆದರುತ್ತಿದ್ದ ಮನೆಗಳಿಂದ ಜನ 7ನೇ ನಮೂನೆ ತುಂಬಿಸಿ, ಉಳುತ್ತಿದ್ದ ಗದ್ದೆ ತಮ್ಮ ಹೆಸರಿಗೆ ಮಾಡಿಕೊಡಿ ಎಂದು ನ್ಯಾಯಮಂಡಳಿಯ ಎದುರು ನಿಂತರು.